ನಡುಮನೆಯಲ್ಲಿ ಕೂತು ಕಲಿತ ಹಾಡು: ಸ್ಟೇಪಲ್ ಸಿಂಗರ್ಸ್ ಬಗ್ಗೆ ಆಡಿದ ಮಾತು

ಹೋದ ಭಾನುವಾರ ನಮ್ಮ ಗೆಳೆಯರ ಕೂಟದಲ್ಲಿ ಒಂದೂಕಾಲು ಗಂಟೆ ಮಾತಾಡಿದ್ದನ್ನ ಇಲ್ಲಿ ಬರೆದು ಹಾಕ್ತಿದೀನಿ, ಬರೋಕಾಗದವರು ಕೇಳಿದ್ರು ಅಂತ. ಬಂದಿದ್ದವರಿಗೆ ಗೊತ್ತು, ಬ್ಲೂಟೂತ್ ಸ್ಪೀಕರ್ ಮೂರನೇ ಹಾಡಿಗೇ ಕೈಕೊಡ್ತು, ಆಮೇಲೆ ಮೊಬೈಲನ್ನ ಒಂದು ಸ್ಟೀಲ್ ಚೊಂಬಿನೊಳಗೆ ಇಳಿಸಿ ಕೇಳಿಸಿದ್ವಿ. ನಿಜ ಹೇಳ್ಬೇಕಂದ್ರೆ ಈ ಹಾಡುಗಳಿಗೆ ಚೊಂಬೇ ಚೆನ್ನಾಗಿ ಒಪ್ತು. ಮಾತಾಡಿದ್ದನ್ನ ಹಾಗ್ಹಾಗೇ ಬರ್ದಿದೀನಿ, ಅಲ್ಲಲ್ಲಿ ಆಗ ಮರ್ತಿದ್ದನ್ನ ಸೇರಿಸಿದೀನಿ ಅಷ್ಟೆ.

ಸೋಲ್ ಮ್ಯೂಸಿಕ್ಕಲ್ಲಿ, ಅಂದ್ರೆ ಅಮೆರಿಕದ ಕಪ್ಪು ಜನರ ಚರ್ಚ್ ಹಾಡಿನ ಧಾಟಿ ಹಿಡಿದ ಪಾಪ್ ಸಂಗೀತದಲ್ಲಿ, ಫ್ಯಾಮಿಲಿ ಗ್ರೂಪ್ ಅಂದ ತಕ್ಷಣ ನಮ್ಮಲ್ಲಿ ಎಲ್ಲರ ಬಾಯಲ್ಲೂ ಜಾಕ್ಸನ್ ಫೈವ್ ಹೆಸರು ಬರುತ್ತೆ. ಸರಿ, ಅವರು ದೊಡ್ಡವರೇ. ಆದ್ರೆ ನಾನು ಇವತ್ತು ಹೇಳ್ತಿರೋದು ಅವರಿಗಿಂತ ಎಷ್ಟೋ ಮುಂಚೆ ಶುರು ಮಾಡಿ, ಅರ್ಧ ಶತಮಾನ ಒಂದೇ ಮನೆಯವರು ಒಟ್ಟಿಗೆ ಹಾಡಿದ ಸ್ಟೇಪಲ್ ಸಿಂಗರ್ಸ್ ಬಗ್ಗೆ. ಒಬ್ಬ ಅಪ್ಪ, ಅವನ ಮಗ ಪರ್ವಿಸ್, ಹೆಣ್ಣುಮಕ್ಕಳು ಕ್ಲಿಯೋಥಾ, ಇವಾನ್, ಮೇವಿಸ್. ಇವರ ಬಗ್ಗೆ ಬರೆಯೋರೆಲ್ಲ ಒಂದು ಮಾತು ಹೇಳ್ತಾರೆ, ಇವರು ಮೊದಲು ಗಾಸ್ಪೆಲ್, ಅಂದ್ರೆ ಚರ್ಚಿನ ದೇವರ ಹಾಡು, ಹಾಡ್ತಿದ್ರು, ಆಮೇಲೆ ಹೋರಾಟದ ಹಾಡಿಗೆ ಬಂದ್ರು, ಆಮೇಲೆ ಚರ್ಚ್ ಬಿಟ್ಟು ಸೋಲ್ ಹಾಡಿ ನಂಬರ್ ಒನ್ ಆದ್ರು ಅಂತ. ಮೂರು ಊರು ದಾಟಿದ ಬಸ್ಸಿನ ಥರ. ನನಗ್ಯಾಕೋ ಇದು ಒಪ್ಪಲ್ಲ. ಹಾಡುಗಳನ್ನ ಕೇಳ್ತಾ ಕೇಳ್ತಾ ನನಗನ್ಸಿದ್ದು, ಈ ಜನ ಶಿಕಾಗೋದ ತಮ್ಮ ಮನೆಯ ನಡುಮನೆ ಬಿಟ್ಟು ಎಲ್ಲೂ ಹೋಗ್ಲೇ ಇಲ್ಲ. ಅಲ್ಲಿ ನೆಲದ ಮೇಲೆ ಕೂತು ಅಪ್ಪ ಹಂಚಿಕೊಟ್ಟ ದನಿಗಳನ್ನೇ ಕೊನೇವರೆಗೂ ಹಾಡಿದ್ರು. ಅದು ಹೇಗೆ ಅಂತ ಹೇಳೋಕೆ ನಾನು ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಅಪ್ಪನ ಹೆಸರು ರೋಬಕ್ ಸ್ಟೇಪಲ್ಸ್. ಆಮೇಲಾಮೇಲೆ ಎಲ್ಲರೂ ಪಾಪ್ಸ್ ಅಂತಲೇ ಕರೆದ್ರು, ಪಾಪ್ಸ್ ಅಂದ್ರೆ ಅಪ್ಪಯ್ಯ ಅಂದ ಹಾಗೆ. ಹುಟ್ಟಿದ್ದು 1914ರ ಡಿಸೆಂಬರ್ 28ಕ್ಕೆ, ಮಿಸಿಸಿಪಿ ರಾಜ್ಯದ ವಿನೋನಾ ಹತ್ತಿರ, ಹದಿನಾಲ್ಕು ಮಕ್ಕಳಲ್ಲಿ ಕೊನೆಯವನು. ಈ ರೋಬಕ್ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ, ಸಿಯರ್ಸ್ ರೋಬಕ್ ಅನ್ನೋ ಅಂಚೆ ಮೂಲಕ ಸಾಮಾನು ಕಳಿಸೋ ಕಂಪನಿಯಿಂದ! ಹಳ್ಳಿ ಮನೆಗಳಲ್ಲಿ ಆ ಕಂಪನಿಯ ಕ್ಯಾಟಲಾಗ್ ಅಂದ್ರೆ ನಮ್ಮಲ್ಲಿ ಪಂಚಾಂಗ ಇದ್ದ ಹಾಗೆ ಇರ್ತಿತ್ತು. ಇವನ ಅಣ್ಣನ ಹೆಸರು ಸಿಯರ್ಸ್. ಸಿಯರ್ಸ್ ಆದ್ಮೇಲೆ ರೋಬಕ್, ಲೆಕ್ಕ ಸರಿಹೋಯ್ತು.

ಬೆಳೆದಿದ್ದು ಡಾಕರಿ ಪ್ಲಾಂಟೇಶನ್ ಅನ್ನೋ ದೊಡ್ಡ ಹತ್ತಿ ತೋಟದಲ್ಲಿ. ಬ್ಲೂಸ್, ಅಂದ್ರೆ ದಕ್ಷಿಣದ ಕಪ್ಪು ಜನರ ದುಃಖದುಮ್ಮಾನದ ಹಾಡಿನ ಬಗ್ಗೆ, ಓದಿಕೊಂಡಿರೋರಿಗೆ ಈ ಹೆಸರು ಕೇಳಿದ್ರೆ ಮೈ ನೆಟ್ಟಗಾಗುತ್ತೆ, ಯಾಕಂದ್ರೆ ಚಾರ್ಲಿ ಪ್ಯಾಟನ್ ಅನ್ನೋ ಮಹಾ ಗಿಟಾರ್ ವಾದಕ ಅಲ್ಲೇ ಇದ್ದಿದ್ದು, ಅವನು ನುಡಿಸೋದನ್ನ ಈ ಹುಡುಗ ಹತ್ತಿರದಿಂದ ಕೇಳಿ ಬೆಳೆದ. ಹಗಲೆಲ್ಲ ಹತ್ತಿ ಬಿಡಿಸೋದು, ಸಂಜೆ ಮನೆ ಮುಂದೆ ಅಂಗಳದಲ್ಲಿ ಅಣ್ಣಂದಿರು ಅಕ್ಕಂದಿರು ಎಲ್ಲ ಸೇರಿ ದೇವರ ಹಾಡು ಹಾಡೋದು. ಈ ಎರಡೂ ಅವನ ಕಿವಿಯೊಳಗೆ ಒಟ್ಟಿಗೇ ಇಳಿದ್ವು, ಅಂಗಳದ ಭಜನೆಯೂ ಪ್ಯಾಟನ್ನಿನ ಗಿಟಾರೂ. ಚರ್ಚಿನವರ ಕಣ್ಣಲ್ಲಿ ಎರಡನೇದು ಸೈತಾನನ ಸಂಗೀತ, ಮುಟ್ಟಬಾರದು. ಅವನು ಮಾತ್ರ ಎರಡನ್ನೂ ಇಟ್ಕೊಂಡ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಓಸಿಯೋಲಾ ಅನ್ನೋ ಹುಡುಗಿನ ಮದುವೆ ಆದ, 1934ರಲ್ಲಿ ಕ್ಲಿಯೋಥಾ ಹುಟ್ಟಿದ್ಲು, 1935ರಲ್ಲಿ ಪರ್ವಿಸ್. ಆಗ ದಕ್ಷಿಣದಿಂದ ಲಕ್ಷಗಟ್ಟಲೆ ಕಪ್ಪು ಜನ ಉತ್ತರದ ಫ್ಯಾಕ್ಟರಿ ಊರುಗಳಿಗೆ ಗಂಟುಮೂಟೆ ಕಟ್ತಿದ್ದ ಕಾಲ, ಇವರೂ 1936ರ ಹೊತ್ತಿಗೆ ಶಿಕಾಗೋ ಸೇರಿದ್ರು. ಅಲ್ಲಿ ಸ್ಟಾಕ್‌ಯಾರ್ಡಲ್ಲಿ ಮಾಂಸದ ಕೆಲಸ, ಉಕ್ಕಿನ ಕಾರ್ಖಾನೆ, ಸಿಕ್ಕಿದ ಕಡೆ ದುಡಿತ. ಇವಾನ್ 1937ರಲ್ಲಿ, ಮೇವಿಸ್ 1939ರಲ್ಲಿ ಅಲ್ಲೇ ಹುಟ್ಟಿದ್ದು. ಗಿಟಾರು ಮೂಲೆ ಸೇರಿತ್ತು.

ಪಾಪ್ಸ್ ಬಿಡುವಲ್ಲಿ ಟ್ರಂಪೆಟ್ ಜುಬಿಲೀಸ್ ಅನ್ನೋ ಗಂಡಸರ ಗಾಸ್ಪೆಲ್ ಗುಂಪಲ್ಲಿ ಹಾಡ್ತಿದ್ದ. ಆ ಗುಂಪಿನ ಕಥೆ ನಮಗೆಲ್ಲ ಗೊತ್ತಿರೋದೇ, ನಾಟಕದ ತಾಲೀಮು ಮಾಡಿಸಿದವರಿಗಂತೂ ಹೇಳೋದೇ ಬೇಡ. ಪ್ರಾಕ್ಟೀಸಿಗೆ ಕರೆದ್ರೆ ಒಬ್ಬ ಬರ್ತಾನೆ, ಇನ್ನೊಬ್ಬ ಬರಲ್ಲ, ಬಂದವನು ಹೊತ್ತು ಮೀರಿ ಬರ್ತಾನೆ. ಒಂದಿನ ಪಾಪ್ಸಿಗೆ ಸಾಕಾಗೋಯ್ತು. ಸಿಟ್ಟು ಮಾಡ್ಕೊಂಡು ಮನೆಗೆ ಬಂದ, ಗಿರವಿ ಅಂಗಡಿಯಿಂದ ಏಳು ಡಾಲರಿಗೆ ತಂದಿದ್ದ ಗಿಟಾರು ತೆಗೆದ, ಮಕ್ಕಳನ್ನ ಕರೆದು ನಡುಮನೆ ನೆಲದ ಮೇಲೆ ಸುತ್ತ ಕೂರಿಸಿದ. ಇವರಂತೂ ತಾಲೀಮಿಗೆ ತಪ್ಪಿಸ್ಕೊಂಡು ಎಲ್ಲಿಗೂ ಹೋಗಂಗಿಲ್ಲವಲ್ಲ!

ಈಗ ಅವನು ಕಲಿಸಿದ ರೀತಿ ನೋಡಿ. ನೊಟೇಶನ್ ಇಲ್ಲ, ಪಿಯಾನೋ ಇಲ್ಲ. ಗಿಟಾರಿನ ಒಂದು ತಂತಿ ಮೀಟಿ, ಇದು ನಿಂದು, ಅಂತ ಒಬ್ಬಳಿಗೆ. ಇನ್ನೊಂದು ತಂತಿ ಮೀಟಿ, ಇದು ನಿಂದು, ಅಂತ ಇನ್ನೊಬ್ಬನಿಗೆ. ಹಾಗೆ ಒಂದೊಂದು ಮಗುವಿಗೆ ಒಂದೊಂದು ಸ್ವರ ಹಂಚಿದ. ಎಲ್ಲಾ ಒಟ್ಟಿಗೆ ಬಿಟ್ರೆ ಒಂದು ಕಾರ್ಡ್ ಆಗುತ್ತೆ, ಅಂದ್ರೆ ಆ ಮನೆಯಲ್ಲಿ ಗಿಟಾರಿನ ಒಂದೊಂದು ತಂತಿಗೂ ಒಂದೊಂದು ಮಗು. ಮತ್ತೆ ಈ ಹಂಚಿಕೆ ಅವನ ತಲೆಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ, ಮಿಸಿಸಿಪಿಯ ಅಂಗಳದಲ್ಲಿ ತನ್ನ ಅಣ್ಣ ಅಕ್ಕಂದಿರು ಯಾರು ಯಾವ ದನಿ ಹಾಡ್ತಿದ್ರೋ ಅದನ್ನೇ ಇಲ್ಲಿ ಮಕ್ಕಳ ಬಾಯಿಗೆ ಇಟ್ಟ. ಅದಕ್ಕೇ ಇವರ ಹಾರ್ಮನಿ ಕೇಳಿದ್ರೆ ಶಿಕಾಗೋದಲ್ಲಿ ಬೆಳೆದ ಮಕ್ಕಳ ಥರ ಅನ್ಸಲ್ಲ, ಮೂವತ್ತು ವರ್ಷ ಹಳೇ ಹಳ್ಳಿ ದನಿ ಅನ್ಸುತ್ತೆ. ಆ ಕಾಲದ ಬೇರೆ ಗಾಸ್ಪೆಲ್ ಗುಂಪುಗಳು ಜೋರಾಗಿ, ಮೆರುಗು ಹಾಕಿ ಹಾಡ್ತಿದ್ರೆ ಇವರು ನಿಧಾನ, ಮಧ್ಯೆ ಮಧ್ಯೆ ಖಾಲಿ ಜಾಗ ಬಿಟ್ಟು.

ಮೊದಲು ಕಲಿಸಿದ ಹಾಡು ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್. ತಾಯಿಯ ಶವ ತಗೊಂಡು ಹೋಗೋ ಗಾಡಿನ ನೋಡ್ತಾ ನಿಂತ ಮಗ ಕೇಳೋ ಹಾಡು ಅದು, ನಮ್ಮ ಬಳಗ ಮುರೀದೆ ಉಳಿಯುತ್ತಾ ಅಂತ. ಒಂದಿನ ಪಾಪ್ಸಿನ ಅಕ್ಕ ಕೇಟಿ, ಮಕ್ಕಳಿಗೆ ಅತ್ತೆ, ಇವರು ಹಾಡೋದು ಕೇಳಿಸ್ಕೊಂಡು ನಮ್ಮ ಚರ್ಚಲ್ಲಿ ಭಾನುವಾರ ಹಾಡ್ರೋ ಅಂದ್ಲು. 1948. ಮೇವಿಸ್ ಇನ್ನೂ ಪುಟ್ಟ ಹುಡುಗಿ, ಕಾಣಲ್ಲ ಅಂತ ಕುರ್ಚಿ ಮೇಲೆ ನಿಲ್ಲಿಸಿದ್ರು. ಹಾಡಿದ್ರು, ಜನ ಮತ್ತೆ ಮತ್ತೆ ಅಂತ ಚಪ್ಪಾಳೆ ಹೊಡೆದ್ರು, ಆದ್ರೆ ಇವರ ಹತ್ರ ಸ್ಟಾಕ್ ಇದ್ದಿದ್ದೇ ಅದೊಂದು ಹಾಡು, ಅದನ್ನೇ ಮತ್ತೆ ಮತ್ತೆ ಹಾಡಿ ಬಂದ್ರು. ಪಾಪ್ಸಿಗೆ ಅವತ್ತೇ ಗೊತ್ತಾಯ್ತು, ಮನೆಗೆ ಹೋಗಿ ಇನ್ನೂ ನಾಲ್ಕು ಹಾಡು ಕಲೀಬೇಕು ಅಂತ.

ಶುರುವಲ್ಲಿ ಮೇಲಿನ ದನಿ ಪರ್ವಿಸ್‌ದು. ಅವನ ಗಂಟಲು ಒಡೀತು, ಹುಡುಗರಿಗೆ ಆಗೋ ಹಾಗೆ. ಆಗ ಲೀಡ್, ಅಂದ್ರೆ ಮುಖ್ಯ ದನಿ, ಮೇವಿಸ್ ತಲೆಗೆ ಬಂತು, ಅವಳು ಮೊದಮೊದಲು ಬೇಡ ಅಂತ ಹಠ ಹಿಡಿದ್ಲು ಕೂಡ. ಆ ಹುಡುಗಿ ದನಿ ಅಂದ್ರೆ, ಅಯ್ಯೋ, ಬಾವಿ ಒಳಗಿಂದ ಬಂದ ಹಾಗೆ, ದಪ್ಪ, ಒರಟು. 1956ರಲ್ಲಿ ವೀ-ಜೇ ಅನ್ನೋ ಕಂಪನಿಗೆ ಅನ್‌ಕ್ಲೌಡಿ ಡೇ ರೆಕಾರ್ಡ್ ಮಾಡಿದಾಗ ರೇಡಿಯೋದಲ್ಲಿ ಕೇಳಿದವರು ಇದು ಗಂಡಸೇ ಇರ್ಬೇಕು, ಇಲ್ಲಾಂದ್ರೆ ಯಾವುದೋ ಭಾರೀ ಆಳಿನ ಹೆಂಗಸು ಅಂತ ಬೆಟ್ ಕಟ್ತಿದ್ರಂತೆ. ಪ್ರೋಗ್ರಾಮಿಗೆ ಬಂದು ನೋಡಿದ್ರೆ ಸಣ್ಣಗಿರೋ ಹೈಸ್ಕೂಲ್ ಹುಡುಗಿ. ಎಷ್ಟು ಜನ ದುಡ್ಡು ಕಳ್ಕೊಂಡ್ರೋ.

ಇದಕ್ಕೂ ಮುಂಚೆ ಇನ್ನೊಂದು ಕಂಪನಿ ಇವರಿಗೆ ರಾಕ್ ಎನ್ ರೋಲ್ ಹಾಡಿ ಅಂತ ಒತ್ತಾಯ ಮಾಡಿತ್ತು. ಪಾಪ್ಸ್ ಆಗಲ್ಲ ಅಂದ, ಕಾಂಟ್ರಾಕ್ಟ್ ಮುಗಿಯೋವರೆಗೂ ಸುಮ್ನೆ ಕೂತ. ಹೊಟ್ಟೆಪಾಡಿಗೆ ಕಾರ್ಖಾನೆ ಕೆಲಸ ಇದ್ದೇ ಇತ್ತಲ್ಲ. ವೀಕೆಂಡಿಗೆ ಕಾರ್ ತುಂಬ ಮಕ್ಕಳನ್ನ ಹಾಕ್ಕೊಂಡು ದೂರದ ಊರಿಗೆ ಹೋಗಿ ಹಾಡೋದು, ಸೋಮವಾರ ಬೆಳಗ್ಗೆ ಅಪ್ಪ ಕೆಲಸಕ್ಕೆ ಮಕ್ಕಳು ಸ್ಕೂಲಿಗೆ. 1957ರಲ್ಲಿ ಮೇವಿಸ್ ಹೈಸ್ಕೂಲ್ ಮುಗಿಸಿದ ಮೇಲೇನೇ ಇದು ಪೂರ್ತಿ ಹೊತ್ತಿನ ಕಸುಬಾಗಿದ್ದು. ಈ ಶಿಸ್ತು ನನಗೆ ತುಂಬಾ ಇಷ್ಟ. ಮಕ್ಕಳನ್ನ ಸ್ಕೂಲ್ ಬಿಡಿಸಿ ಸ್ಟಾರ್ ಮಾಡೋಕೆ ಹೊರಟ ಅಪ್ಪಂದಿರ ಕಥೆ ನಾವು ಬೇಕಾದಷ್ಟು ಕೇಳಿದೀವಿ.

ಅವತ್ತು ಅನ್‌ಕ್ಲೌಡಿ ಡೇ ಹಾಕಿದಾಗ ಗಿಟಾರ್ ಸೌಂಡು ಯಾಕೆ ಹಂಗೆ ನಡುಗುತ್ತೆ ಅಂತ ಒಬ್ಬರು ಕೇಳಿದ್ರು. ಅದಕ್ಕೆ ಟ್ರೆಮೊಲೊ ಅಂತಾರೆ, ಆಂಪ್ಲಿಫೈಯರ್ ಒಳಗಿನ ಒಂದು ಸರ್ಕ್ಯೂಟು ಸೌಂಡನ್ನ ಒಂದೇ ಸಮ ಹೆಚ್ಚು ಕಮ್ಮಿ ಹೆಚ್ಚು ಕಮ್ಮಿ ಮಾಡ್ತಾ ಇರುತ್ತೆ. ನೀರಲ್ಲಿ ಬಿದ್ದ ದೀಪದ ಬೆಳಕು ಅಲ್ಲಾಡೋ ಹಾಗೆ. ಪಾಪ್ಸ್ ಕೈಯಲ್ಲಿ ಆ ನಡುಕ ಸಹಿ ಹಾಕಿದ ಹಾಗೆ ಆಗೋಯ್ತು. ಎರಡೇ ಸ್ವರ ಮೀಟಿದ್ರೂ ಇದು ಅವನೇ ಅಂತ ಗೊತ್ತಾಗುತ್ತೆ. ಮೇಲೆ ಹೇಳಿದ್ನಲ್ಲ, ಪ್ಯಾಟನ್ನಿನ ಗಿಟಾರು ಕಿವಿಲಿ ಇತ್ತು ಅಂತ, ಅದನ್ನ ಚರ್ಚಿನ ಹಾಡಿನ ಕೆಳಗೆ ಸದ್ದಿಲ್ಲದೆ ತಂದಿಟ್ಟ. ಬ್ಲೂಸ್ ಹಾಡ್ಬೇಡ ಅಂದವರೆಲ್ಲ ಬ್ಲೂಸ್ ಕೇಳ್ತಾ ದೇವರಿಗೆ ಕೈಮುಗಿದ್ರು. ದೂರದ ಮಿನೆಸೋಟಾದಲ್ಲಿ ಒಬ್ಬ ಬಿಳಿ ಹುಡುಗ ರಾತ್ರಿ ರೇಡಿಯೋದಲ್ಲಿ ಇದನ್ನ ಕೇಳಿ ನಿದ್ದೆಗೆಟ್ಟ. ಅವನೇ ಮುಂದೆ ದೊಡ್ಡ ಹಾಡುಗಾರ ಆದ ಬಾಬ್ ಡಿಲನ್. ಮುಂದೆ ಮೇವಿಸ್‌ನ ಮದುವೆ ಆಗ್ತೀನಿ ಅಂತಾನೂ ಕೇಳಿದ, ಅವಳು ಒಪ್ಪಲಿಲ್ಲ. ಆ ವಿಷಯ ಹೇಳಿದಾಗ ಸಭೆಯಲ್ಲಿ ಎಲ್ಲರೂ ಎದ್ದು ಕೂತ್ರು, ಟ್ರೆಮೊಲೊ ಬಗ್ಗೆ ಹೇಳುವಾಗ ಯಾರೂ ಹಂಗೆ ಎದ್ದು ಕೂತಿರ್ಲಿಲ್ಲ.

ಇಲ್ಲೇ ಇನ್ನೊಂದು ಸಣ್ಣ ಪ್ರಸಂಗ ಹೇಳ್ಬಿಡ್ತೀನಿ. ಗಾಸ್ಪೆಲ್ ರಾಣಿ ಮಹೇಲಿಯಾ ಜಾಕ್ಸನ್ ಶಿಕಾಗೋದವರೇ, ಮೇವಿಸ್‌ಗೆ ಅವರಂದ್ರೆ ಪ್ರಾಣ. ಚಿಕ್ಕವಳಿದ್ದಾಗ ಒಂದ್ಸಲ ಅವರಿದ್ದ ಕಾರ್ಯಕ್ರಮದಲ್ಲೇ ಹಾಡಿ ಹಾಗೇ ಆಚೆ ಆಡೋಕೆ ಓಡ್ತಿದ್ಲು, ಮಹೇಲಿಯಾ ಹಿಡಿದು ನಿಲ್ಲಿಸಿ ಬೆವರು ಮುಟ್ಟಿ ನೋಡಿ, ಒದ್ದೆ ಮೈಲಿ ಗಾಳಿಗೆ ಹೋಗ್ಬೇಡ, ಮೊದಲು ಒಣಗಿದ ಬಟ್ಟೆ ಹಾಕ್ಕೋ, ನಿಂಗೆ ತುಂಬಾ ವರ್ಷ ಹಾಡೋದಿದೆ ಅಂತ ಬುದ್ಧಿ ಹೇಳಿದ್ರಂತೆ. ಥೇಟ್ ನಮ್ಮ ಅಜ್ಜಿಯರ ಮಾತು. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ದೊಡ್ಡ ಸಂಗೀತೋತ್ಸವ ಆಯ್ತು, ಅಲ್ಲಿ ಮಹೇಲಿಯಾಗೆ ಮೈ ಸರಿ ಇರ್ಲಿಲ್ಲ, ಮೇವಿಸ್‌ನ ಕರೆದು ನೀನು ಶುರು ಮಾಡು ಅಂದ್ರು. ಇಬ್ಬರೂ ಒಂದೇ ಮೈಕಲ್ಲಿ ಹಾಡಿದ ಆ ವಿಡಿಯೋ ಈಗ ಸಿಗುತ್ತೆ, ದಯವಿಟ್ಟು ನೋಡಿ. ನಾನು ನೋಡಿದಾಗ ಒಂಟಿಯಾಗಿದ್ದೆ, ಒಳ್ಳೇದೇ ಆಯ್ತು.

ಸರಿ, ಹೋರಾಟದ ಹಾಡುಗಳು. ಗಾಸ್ಪೆಲ್ ಗ್ರೂಪು ಅಂದ್ರೆ ದಕ್ಷಿಣದ ರಾಜ್ಯಗಳಲ್ಲಿ ಓಡಾಡ್ಲೇಬೇಕು. ಓಡಾಟ ಅಂದ್ರೆ ಹೋಟೆಲಲ್ಲಿ ರೂಮು ಕೊಡಲ್ಲ, ಊಟಕ್ಕೆ ಕೂರಿಸಲ್ಲ, ಪೆಟ್ರೋಲ್ ಹಾಕಿಸೋಕೂ ಭಯ. 1964ರಲ್ಲಿ ಮೆಂಫಿಸ್ ಹತ್ತಿರ ರಾತ್ರಿ ಪೆಟ್ರೋಲ್ ಹಾಕಿಸಿ ರಸೀದಿ ಕೇಳಿದ್ದಕ್ಕೆ ಬಂಕಿನವನು ಕೆಟ್ಟದಾಗಿ ಬೈದ, ಪಾಪ್ಸ್‌ಗೂ ಅವನಿಗೂ ಕೈಕೈ ಮಿಲಾಯಿಸ್ತು. ಸ್ವಲ್ಪ ಹೊತ್ತಲ್ಲೇ ಪೊಲೀಸರು ಅಡ್ಡ ಹಾಕಿ ಇಡೀ ಕುಟುಂಬಕ್ಕೆ ಕೋಳ ಹಾಕಿ ಸ್ಟೇಷನ್ನಿಗೆ ಎಳ್ಕೊಂಡು ಹೋದ್ರು. ಆಮೇಲೆ ಬಿಟ್ರು ಅನ್ನಿ. ಆದ್ರೆ ಒಂದು ರಸೀದಿಗೆ! ಲೆಕ್ಕ ಇಡೋ ಮನುಷ್ಯ ಅವನು, ಖರ್ಚಿಗೆ ರಸೀದಿ ಕೇಳೋದು ಅವನ ಅಭ್ಯಾಸ.

ಒಂದ್ಸಲ ಇವರು ಅಲಬಾಮಾದ ಮಾಂಟ್ಗಮರಿಗೆ ಹಾಡೋಕೆ ಹೋಗಿದ್ರು. ಭಾನುವಾರ ಬೆಳಗ್ಗೆ ಪಾಪ್ಸ್ ಮಕ್ಕಳನ್ನ ತನ್ನ ರೂಮಿಗೆ ಕರೆದು, ಇಲ್ಲಿ ಮಾರ್ಟಿನ್ ಅಂತ ಒಬ್ಬರಿದಾರೆ, ಅವರ ಚರ್ಚಿಗೆ ಹೋಗೋಣ ಅಂದ. ಹೋದ್ರು, ಡೆಕ್ಸ್ಟರ್ ಅವೆನ್ಯೂ ಚರ್ಚಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತು ಕೇಳಿದ್ರು, ಕೈ ಕುಲುಕಿ ಬಂದ್ರು. ವಾಪಸ್ ಬಂದ್ಮೇಲೆ ಮತ್ತೆ ಕರೆದು ಹೇಳಿದ ಮಾತು ಈಗ ಎಲ್ಲರಿಗೂ ಗೊತ್ತಿರೋದು: ಅವರು ಇದನ್ನ ಬೋಧನೆ ಮಾಡಬಹುದಾದ್ರೆ ನಾವು ಇದನ್ನ ಹಾಡಬಹುದು. ನೋಡಿ, ದೊಡ್ಡ ಮೀಟಿಂಗ್ ಇಲ್ಲ, ಮ್ಯಾನೇಜರ್ ಇಲ್ಲ. ಅಪ್ಪ ಮಕ್ಕಳನ್ನ ಮಂಚದ ಸುತ್ತ ಕೂರಿಸ್ಕೊಂಡು ಹೇಳಿದ, ಆಯ್ತು. ಅದೇ ನಡುಮನೆ, ಈ ಸಲ ಹೋಟೆಲ್ ರೂಮಲ್ಲಿ.

ಲಿಟಲ್ ರಾಕ್ ಊರಲ್ಲಿ 1957ರಲ್ಲಿ ಒಂಬತ್ತು ಕಪ್ಪು ಮಕ್ಕಳು ಬಿಳಿಯರ ಹೈಸ್ಕೂಲಿಗೆ ಸೇರೋಕೆ ಹೋಗಿದ್ದು, ಗುಂಪು ಕಟ್ಟಿ ತಡೆದಿದ್ದು, ಕೊನೆಗೆ ಸೈನ್ಯ ಬಂದಿದ್ದು, ಎಲ್ಲ ನೀವು ಓದಿರ್ತೀರ. ಪಾಪ್ಸ್ ಅದನ್ನ ಟೀವಿಲಿ ನೋಡ್ತಾ ಯಾಕೆ ಇವರಿಗೆ ಹಿಂಗೆ ಮಾಡ್ತಾರೆ ಅಂತ ಗೊಣಗಿದ್ದೇ ಮುಂದೆ ಹಾಡಾಯ್ತು, ವೈ ಆಮ್ ಐ ಟ್ರೀಟೆಡ್ ಸೋ ಬ್ಯಾಡ್. ಕಿಂಗ್‌ಗೆ ಇದು ಅಚ್ಚುಮೆಚ್ಚು, ಸಭೆಗಳಲ್ಲಿ ಪಾಪ್ಸ್ ನನ್ನ ಹಾಡು ಹಾಡ್ತೀರ ತಾನೆ ಅಂತ ಕೇಳ್ತಿದ್ರಂತೆ. 1965ರಲ್ಲಿ ಸೆಲ್ಮಾದಿಂದ ಮಾಂಟ್ಗಮರಿಗೆ ಪಾದಯಾತ್ರೆ ಆದಾಗ ಫ್ರೀಡಂ ಹೈವೇ ಬರೆದ, ಅದೇ ವರ್ಷ ಏಪ್ರಿಲ್‌ನಲ್ಲಿ ಶಿಕಾಗೋದ ನ್ಯೂ ನಜರೆತ್ ಚರ್ಚಲ್ಲಿ ಜನರ ಮಧ್ಯೆ ಹಾಡಿ ರೆಕಾರ್ಡ್ ಮಾಡಿದ್ರು. ಆ ರೆಕಾರ್ಡಿಂಗಲ್ಲಿ ಚಪ್ಪಾಳೆನೇ ತಾಳ. ಚೊಂಬಲ್ಲಿ ಇದನ್ನ ಹಾಕಿದಾಗ ನಮ್ಮವರೂ ಶುರು ಮಾಡಿದ್ರು, ಸ್ವಲ್ಪ ಲಯ ತಪ್ಪಿತು, ಪರವಾಗಿಲ್ಲ.

1968ರಲ್ಲಿ ಏಪ್ರಿಲಲ್ಲಿ ಕಿಂಗ್‌ನ ಮೆಂಫಿಸಲ್ಲಿ ಕೊಂದ್ರು. ಅದೇ ವರ್ಷ ಇವರು ಅದೇ ಮೆಂಫಿಸಿನ ಸ್ಟ್ಯಾಕ್ಸ್ ಕಂಪನಿ ಸೇರಿದ್ರು. ಹೆಚ್ಚುಕಮ್ಮಿ ಆಗಲೇ ಪರ್ವಿಸ್ ಗ್ರೂಪ್ ಬಿಟ್ಟ, ಅವನಿಗೆ ಬೇರೆ ಬಿಸಿನೆಸ್ ಆಸೆ, ಮುಂದೆ ಇಮೋಶನ್ಸ್ ಅನ್ನೋ ಅಕ್ಕತಂಗಿಯರ ಗ್ರೂಪನ್ನ ನೋಡ್ಕೊಂಡ, ನೈಟ್‌ಕ್ಲಬ್ ನಡೆಸಿದ. ಅವನ ಜಾಗಕ್ಕೆ ಇವಾನ್ ಬಂದ್ಲು. ಈ ಇವಾನ್ ಬಗ್ಗೆ ಯಾರೂ ಬರೆಯೋದೇ ಇಲ್ಲ. ಅವಳಿಗೆ ವೇದಿಕೆ ಹುಚ್ಚು ಇರ್ಲಿಲ್ಲ, ಲೆಕ್ಕಪತ್ರ ವ್ಯವಹಾರ ಅವಳ ಕೈಲಿ. ಪ್ರತಿ ಕೂಡುಕುಟುಂಬದಲ್ಲೂ ಇಂಥ ಒಬ್ಬಳು ಇರ್ತಾಳೆ ನೋಡಿ, ಬೀಗದ ಕೈ ಗೊಂಚಲು ಸೆರಗಿಗೆ ಕಟ್ಕೊಂಡು, ಫೋಟೋದಲ್ಲಿ ಅಂಚಲ್ಲಿ ನಿಂತಿರೋಳು.

ಸ್ಟ್ಯಾಕ್ಸಲ್ಲಿ ಮೊದಲೆರಡು ವರ್ಷ ಅಷ್ಟಕ್ಕಷ್ಟೆ. ಆಮೇಲೆ ಆಲ್ ಬೆಲ್ ಅನ್ನೋ ಕಂಪನಿ ಮುಖ್ಯಸ್ಥರೇ ಪ್ರೊಡ್ಯೂಸರ್ ಆಗಿ ಇವರನ್ನ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೋಗೆ ಕರ್ಕೊಂಡು ಹೋದ್ರು. ತಮಾಷೆ ಅಂದ್ರೆ ಅಲ್ಲಿ ವಾದ್ಯ ನುಡಿಸೋರೆಲ್ಲ ಬಿಳಿಯರು, ರೋಜರ್ ಹಾಕಿನ್ಸ್ ಡ್ರಮ್ಸ್, ಡೇವಿಡ್ ಹುಡ್ ಬೇಸ್, ಬ್ಯಾರಿ ಬೆಕೆಟ್ ಕೀಬೋರ್ಡ್, ಜಿಮ್ಮಿ ಜಾನ್ಸನ್ ಗಿಟಾರ್. ಕಿಂಗ್ ಮಾತು ಕೇಳಿ ಹಾಡು ಬದಲಾಯಿಸಿದ ಕಪ್ಪು ಕುಟುಂಬ, ಅದೇ ಅಲಬಾಮಾದಲ್ಲಿ ಬಿಳಿ ಹುಡುಗರ ಜೊತೆ ಕೂತು ಕಪ್ಪು ಜನರ ಸ್ವಾಭಿಮಾನದ ಹಾಡು ಮಾಡ್ತು. 1971ರ ರೆಸ್ಪೆಕ್ಟ್ ಯುವರ್‌ಸೆಲ್ಫ್. ಮ್ಯಾಕ್ ರೈಸ್, ಲೂಥರ್ ಇಂಗ್ರಾಂ ಬರೆದಿದ್ದು. ಪಾಪ್ಸ್ ಮೆಲ್ಲಗೆ, ಮನೆ ಹಿರಿಯ ಬುದ್ಧಿ ಹೇಳೋ ಹಾಗೆ ಶುರು ಮಾಡ್ತಾನೆ, ಮೇವಿಸ್ ಬಂದು ಚಾಟಿ ಬೀಸ್ತಾಳೆ. ಪಾಪ್ ಚಾರ್ಟಲ್ಲಿ, ಅಂದ್ರೆ ಹೆಚ್ಚು ಓಡೋ ಹಾಡುಗಳ ಪಟ್ಟಿಯಲ್ಲಿ, 12ನೇ ಜಾಗಕ್ಕೆ ಹೋಯ್ತು.

ಮತ್ತೆ ಆ ಹಾಡು. ಐಲ್ ಟೇಕ್ ಯು ದೇರ್, 1972. ಇದರ ಹಿಂದಿನ ಕಥೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಆಲ್ ಬೆಲ್ ಅವರ ತಮ್ಮನ್ನ ಯಾರೋ ಗುಂಡಿಟ್ಟು ಕೊಂದ್ರು. ಲಿಟಲ್ ರಾಕಲ್ಲಿ ಮಣ್ಣು ಮಾಡಿ ಬಂದು, ಅಪ್ಪನ ಮನೆ ಹಿತ್ತಲಲ್ಲಿ ಕೆಟ್ಟು ನಿಂತಿದ್ದ ಹಳೇ ಬಸ್ಸಿನ ಬಾನೆಟ್ ಮೇಲೆ ಹೋಗಿ ಒಬ್ಬರೇ ಕೂತ್ರು. ಅಲ್ಲಿ ಬೇಸ್ ಲೈನು, ಅಂದ್ರೆ ಹಾಡಿನ ಅಡಿಯಲ್ಲಿ ಸುತ್ತೋ ತಗ್ಗು ಸ್ವರಗಳ ಸಾಲು, ತಲೆಗೆ ಬಂತು, ಹಿಂದೇನೇ ಮಾತೂ ಬಂತು, ಒಂದು ಜಾಗ ಇದೆ, ಅಲ್ಲಿ ಯಾರೂ ಅಳಲ್ಲ, ಯಾರಿಗೂ ಚಿಂತೆ ಇಲ್ಲ, ಅನ್ನೋ ಥರ ನಾಲ್ಕು ಸಾಲು. ಅಷ್ಟೇ. ಮುಂದಕ್ಕೆ ಹೋಗ್ಲೇ ಇಲ್ಲ. ಸ್ಟುಡಿಯೋದಲ್ಲೂ ಅಷ್ಟೇ ಇತ್ತು. ಆ ಹಾಡಲ್ಲಿ ಶುರುವಿಂದ ಕೊನೇವರೆಗೆ ಇರೋದು ಎರಡೇ ಕಾರ್ಡು, ಒಂದೇ ಬೇಸ್ ಸುತ್ತು, ಪಲ್ಲವಿ ಚರಣ ಅಂತ ಲೆಕ್ಕ ಹಾಕಿದ್ರೆ ಅರ್ಧ ಪುಟನೂ ಇಲ್ಲ. ಉಳಿದಿದ್ದನ್ನೆಲ್ಲ ಮೇವಿಸ್ ನಿಂತಲ್ಲೇ ಕಟ್ಟಿದ್ದು. ಕರೀತಾಳೆ, ಅಕ್ಕಂದಿರು ಓಗೊಡ್ತಾರೆ, ಕೀಬೋರ್ಡಿನ ಬ್ಯಾರಿನ ಹೆಸರು ಹಿಡಿದು ಕೂಗ್ತಾಳೆ, ಬೇಸ್ ನುಡಿಸೋ ಡೇವಿಡ್‌ನ ಲಿಟಲ್ ಡೇವಿಡ್ ಅಂತಾಳೆ, ಗಿಟಾರ್ ಬಂದಾಗ ಡ್ಯಾಡಿ ಡ್ಯಾಡಿ ಅಂತ ಹುರಿದುಂಬಿಸ್ತಾಳೆ. ಅಲ್ಲಿ ಗಿಟಾರ್ ನುಡಿಸಿದ್ದು ಪಾಪ್ಸ್ ಅಲ್ಲ, ಎಡ್ಡಿ ಹಿಂಟನ್ ಅನ್ನೋರು! ಆದ್ರೂ ಅವಳ ಬಾಯಿಗೆ ಬಂದಿದ್ದು ಡ್ಯಾಡಿನೇ. ಗಿಟಾರು ಅಂದ್ರೆ ಅಪ್ಪ, ಇನ್ಯಾರು ನುಡಿಸಿದ್ರೇನು.

ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. ಆ ಹಾಡಿನ ಶುರುವಿನ ತುಣುಕು, ಬೇಸ್ ಸಮೇತ, ಜಮೈಕಾದ ಹ್ಯಾರಿ ಜೆ ಆಲ್ ಸ್ಟಾರ್ಸ್ ಮಾಡಿದ ದ ಲಿಕ್ವಿಡೇಟರ್ ಅನ್ನೋ ರೆಗೆ ಟ್ಯೂನಲ್ಲಿ ಮೊದಲೇ ಇದೆ, 1969ರದ್ದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆ, ಸಭೆಯಲ್ಲಿ ನಗು. ರೆಕಾರ್ಡ್ ಮೇಲೆ ಬರೆದವರು ಅಂತ ಇರೋದು ಆಲ್ ಬೆಲ್ ಹೆಸರು ಮಾತ್ರ. ಬಸ್ಸಿನ ಬಾನೆಟ್ ಮೇಲಿನ ದುಃಖ ನಿಜವೇ, ಬೇಸ್ ಲೈನ್ ಮಾತ್ರ ಜಮೈಕಾದ್ದು. ಎರಡನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ನನಗೇನೂ ಕಷ್ಟ ಇಲ್ಲ, ಆದ್ರೆ ಆ ಜಮೈಕಾ ಹುಡುಗರ ಹೆಸರು ಹೇಳ್ದೆ ಈ ಹಾಡು ಹಾಕಬಾರದು ಅಂತ ನನ್ನ ನಿಯಮ.

ಅಮೆರಿಕದ ಚಾರ್ಟಲ್ಲಿ ನಂಬರ್ ಒನ್ ಆಯ್ತು. ಕೆಲವು ಚರ್ಚಿನವರು ಇವರು ದಾರಿ ಬಿಟ್ರು, ಕುಣಿಯೋ ಹಾಡು ಹಾಡ್ತಿದಾರೆ ಅಂತ ಬೇಸರ ಮಾಡ್ಕೊಂಡ್ರು. ಅದಕ್ಕೆ ಮೇವಿಸ್ ಕೊಡ್ತಿದ್ದ ಉತ್ತರದ ಸಾರ ಏನಂದ್ರೆ, ಕರ್ಕೊಂಡು ಹೋಗ್ತೀನಿ ಅಂತಿರೋದು ಎಲ್ಲಿಗೆ ಅಂದ್ಕೊಂಡ್ರಿ, ಸ್ವರ್ಗಕ್ಕೇ ತಾನೆ? ನನಗೂ ಹಾಗೇ ಕೇಳುತ್ತೆ. ಒಬ್ಬಳು ಕರೆಯೋದು ಉಳಿದವರು ಓಗೊಡೋದು, ಇದು ಚರ್ಚಿನ ರೀತಿ. ಎರಡೇ ಕಾರ್ಡ್ ಹಿಡಿದು ಸುತ್ತೋದು ಡಾಕರಿ ತೋಟದ ರೀತಿ. ಡ್ರಮ್ಸ್ ಒಂದು ಹೊಸದು.

ಆ ಎರಡು ಮೂರು ವರ್ಷ ಇವರದ್ದೇ. 1971ರಲ್ಲಿ ಘಾನಾದ ಅಕ್ರಾದಲ್ಲಿ ಹಾಡಿದ್ರು, 1972ರ ಆಗಸ್ಟಲ್ಲಿ ಲಾಸ್ ಏಂಜಲೀಸ್ ಕೊಲೀಸಿಯಂನಲ್ಲಿ ವಾಟ್‌ಸ್ಟ್ಯಾಕ್ಸ್ ಅಂತ ಭಾರೀ ಕಛೇರಿ. ಇದರ ನಡುವೆಯೇ ಒಂದು ಕತ್ತಲು. ಎಲ್ಲರಿಗಿಂತ ಚಿಕ್ಕವಳು ಸಿಂಥಿಯಾ, 1952ರಲ್ಲಿ ಹುಟ್ಟಿದ್ದು, ಗ್ರೂಪಲ್ಲಿ ಹಾಡ್ತಿರ್ಲಿಲ್ಲ. 1973ರಲ್ಲಿ, ಮನೆಯವರ ದನಿ ಊರಿಗೆಲ್ಲ ಕೇಳ್ತಿದ್ದ ಹೊತ್ತಲ್ಲಿ, ಅವಳು ತಾನೇ ಜೀವ ತೆಗೆದುಕೊಂಡಳು. ಇದರ ಮೇಲೆ ನಾನು ಕಥೆ ಕಟ್ಟಲ್ಲ. ಆದ್ರೆ ಫ್ಯಾಮಿಲಿ ಗ್ರೂಪ್ ಅಂತ ನಾವು ಬಾಯಿ ತುಂಬ ಹೇಳುವಾಗ ಆ ಸುತ್ತಿನ ಆಚೆ ಕೂತಿದ್ದ ಮಗಳೂ ಲೆಕ್ಕಕ್ಕೆ ಬರ್ಬೇಕು.

ಸ್ಟ್ಯಾಕ್ಸ್ ಕಂಪನಿ 1975ರ ಕೊನೆಗೆ ದಿವಾಳಿ ಆಯ್ತು. ಅಷ್ಟರಲ್ಲಿ ಇವರು ಶಿಕಾಗೋದ ಹಳೇ ಪರಿಚಯ ಕರ್ಟಿಸ್ ಮೇಫೀಲ್ಡ್ ಹತ್ರ ಒಂದು ಸಿನಿಮಾಗೆ ಹಾಡಿದ್ರು, ಲೆಟ್ಸ್ ಡೂ ಇಟ್ ಅಗೇನ್. ಹಾಡು ಸ್ವಲ್ಪ ಶೃಂಗಾರದ್ದು. ಪಾಪ್ಸ್ ಕಾಗದ ನೋಡಿ, ನಾನು ಚರ್ಚಿನವನಪ್ಪ, ಇದೆಲ್ಲ ನನ್ನ ಬಾಯಲ್ಲಿ ಬರಲ್ಲ ಅಂತ ಕೂತ. ಅರವತ್ತು ವರ್ಷದ ಮನುಷ್ಯ, ಹೆಣ್ಣುಮಕ್ಕಳ ಎದುರಿಗೆ ಪ್ರಣಯದ ಸಾಲು ಹಾಡೋದು ಅಂದ್ರೆ ಮುಜುಗರ ಅಲ್ವಾ. ಕರ್ಟಿಸ್ ಕಾಡಿಬೇಡಿ, ದೇವರೇನೂ ತಪ್ಪು ತಿಳ್ಕೊಳ್ಳಲ್ಲ ಅಂತ ಒಪ್ಪಿಸಿದ್ರು. ಹಾಡಿದ, ಅದೂ ನಂಬರ್ ಒನ್! ಕೇಳಿ ನೋಡಿ, ಆ ಮುಜುಗರ ಅವನ ದನಿಯಲ್ಲಿದೆ, ಅದರಿಂದಲೇ ಹಾಡಿಗೆ ಚಂದ ಬಂದಿದೆ.

ನನಗೆ ಎಲ್ಲಕ್ಕಿಂತ ಇಷ್ಟದ್ದು ದ ಬ್ಯಾಂಡ್ ಅನ್ನೋ ಹೆಸರಿನ ರಾಕ್ ಗ್ರೂಪ್ ಜೊತೆ ಸಿನಿಮಾಗೆ ಹಾಡಿದ ದ ವೇಯ್ಟ್, 1978ರಲ್ಲಿ ತೆರೆಗೆ ಬಂದ ದ ಲಾಸ್ಟ್ ವಾಲ್ಟ್ಸ್‌ನಲ್ಲಿ ಇರೋದು. ಆ ಗ್ರೂಪಿನ ಕೊನೇ ಕಛೇರಿಯ ಸಿನಿಮಾ ಅದು. ಕಛೇರಿ ಬೇರೆ ಕಡೆ ಆಗಿತ್ತು, ಇದನ್ನ ಆಮೇಲೆ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ್ದು. ಮೇವಿಸ್ ಒಂದು ಚರಣ, ಪಾಪ್ಸ್ ಒಂದು ಚರಣ. ಹಾಡು ಮುಗಿದು ಕೊನೆ ದನಿ ಇನ್ನೂ ಗಾಳಿಲಿ ಇರುವಾಗ ಮೇವಿಸ್ ಮೆಲ್ಲಗೆ, ಬ್ಯೂಟಿಫುಲ್, ಅಂತಾಳೆ. ಮೈಕಿಗೆ ಹೇಳಿದ್ದಲ್ಲ, ತನಗೇ ಹೇಳ್ಕೊಂಡಿದ್ದು. ಎಡಿಟಿಂಗಲ್ಲಿ ತೆಗೆದುಹಾಕ್ದೇ ಬಿಟ್ಟವರಿಗೆ ನಮಸ್ಕಾರ. ಚೊಂಬಿನೊಳಗಿಂದ ಅದು ಕೇಳಿಸುತ್ತೋ ಇಲ್ವೋ ಅಂತ ನನಗೆ ಭಯ ಇತ್ತು, ಎಲ್ಲರೂ ಉಸಿರು ಬಿಗಿ ಹಿಡಿದು ಕೂತ್ರು, ಕೇಳಿಸ್ತು.

80ರ ದಶಕದ ಬಗ್ಗೆ ಹೆಚ್ಚು ಹೇಳೋಕಿಲ್ಲ. ಡಿಸ್ಕೋ ಬಂತು, ಕಂಪನಿಗಳು ಬದಲಾದ್ವು, 1984ರಲ್ಲಿ ಟಾಕಿಂಗ್ ಹೆಡ್ಸ್ ಅನ್ನೋ ರಾಕ್ ಗ್ರೂಪಿನವರ ಸ್ಲಿಪರಿ ಪೀಪಲ್ ಹಾಡಿ ಸ್ವಲ್ಪ ಸದ್ದು ಮಾಡಿದ್ರು. ಎಂಬತ್ತರ ಹತ್ತಿರ ಬಂದ ಪಾಪ್ಸ್ ಸ್ವಂತ ಆಲ್ಬಂ ಮಾಡಿದ, 1994ರ ಫಾದರ್ ಫಾದರ್‌ಗೆ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂತು. ನೋಡಿ, ಚರ್ಚಿನ ಹಾಡುಗಾರ ಅಂತ ಹೆಸರಾದವನಿಗೆ ಬ್ಲೂಸ್ ಪ್ರಶಸ್ತಿ! 1999ರಲ್ಲಿ ಗ್ರೂಪಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ. 2000ದ ಡಿಸೆಂಬರ್ 19ಕ್ಕೆ, ಬಿದ್ದು ತಲೆಗೆ ಪೆಟ್ಟಾಗಿದ್ದ ಪಾಪ್ಸ್ ತೀರಿಕೊಂಡ. 86 ತುಂಬೋಕೆ ಒಂಬತ್ತು ದಿನ ಇತ್ತು.

ಮೇವಿಸ್ ಹಾಡೋದೇ ನಿಲ್ಲಿಸಿಬಿಟ್ಲು. ಅಕ್ಕ ಕ್ಲಿಯೋಥಾಗೆ ಮರೆವಿನ ಕಾಯಿಲೆ, ಅಲ್ಜೈಮರ್. ಆಗ ಎಬ್ಬಿಸಿ ನಿಲ್ಲಿಸಿದ್ದು ಬೀಗದ ಕೈ ಇವಾನ್, ಅಪ್ಪ ಇದ್ದಿದ್ರೆ ಹಾಡು ಅಂತಿದ್ರು, ಏಳು ಅಂತ. ಎದ್ಲು. ಕೈಯಿಂದ ದುಡ್ಡು ಹಾಕಿ ಆಲ್ಬಂ ಮಾಡಿ 2004ರಲ್ಲಿ ತಂದ್ಲು. 2010ರಲ್ಲಿ ಶಿಕಾಗೋದವರೇ ಆದ ರಾಕ್ ಸಂಗೀತಗಾರ ಜೆಫ್ ಟ್ವೀಡಿ ಜೊತೆ ಮಾಡಿದ ಯು ಆರ್ ನಾಟ್ ಅಲೋನ್‌ಗೆ ಮುಂದಿನ ವರ್ಷ ಗ್ರ್ಯಾಮಿ ಬಂತು, ಅವಳ ಜೀವಮಾನದ ಮೊದಲನೇದು, ಎಪ್ಪತ್ತೊಂದನೇ ವಯಸ್ಸಲ್ಲಿ. ಇವಾನ್ ಜೊತೆಯಲ್ಲೇ ಹಿಂದೆ ನಿಂತು ಹಾಡ್ತಿದ್ಲು. ಕ್ಲಿಯೋಥಾ 2013ರಲ್ಲಿ, ಇವಾನ್ 2018ರಲ್ಲಿ, ಪರ್ವಿಸ್ 2021ರಲ್ಲಿ ಹೋದ್ರು.

ಕೊನೆಗೆ ಒಬ್ಬ ಹಿರಿಯರು, ಈ ಪಾಪ್ಸ್ ಕೊನೇ ದಿನಗಳಲ್ಲಿ ಏನಾದ್ರೂ ರೆಕಾರ್ಡ್ ಮಾಡಿದ್ರಾ ಅಂತ ಕೇಳಿದ್ರು. ಮಾಡಿದ್ರು. ಸಾಯೋಕೆ ಸ್ವಲ್ಪ ಮುಂಚೆ ಮಕ್ಕಳ ಜೊತೆ ಕೂತು ಹಾಡಿ ಗಿಟಾರ್ ನುಡಿಸಿದ ಟೇಪುಗಳು ಅರ್ಧಂಬರ್ಧ ಉಳಿದಿದ್ವು. ಹಾಸಿಗೆ ಹಿಡಿದಾಗ ಅದನ್ನ ಹಾಕ್ಸಿ ಕೇಳಿ, ಮೇವಿಸ್‌ಗೆ, ಇದನ್ನ ಕಳೀಬೇಡ, ಅಂದ್ರು. ಅವಳು ಹತ್ತು ಹದಿನೈದು ವರ್ಷ ಜೋಪಾನ ಮಾಡಿ ಟ್ವೀಡಿ ಕೈಗೆ ಕೊಟ್ಲು. ಅವರು ಹೆಚ್ಚಿಗೆ ಏನೂ ಹೇರ್ದೆ, ಬೇಕಾದ ಕಡೆ ಬೇಸ್, ತಮ್ಮ ಮಗನ ಡ್ರಮ್ಸ್ ಸೇರಿಸಿ 2015ರಲ್ಲಿ ಹೊರಗೆ ತಂದ್ರು, ಹೆಸರು ಡೋಂಟ್ ಲೂಸ್ ದಿಸ್. ಅದರಲ್ಲಿ ಒಂದು ಕಡೆ ಪಾಪ್ಸ್, ಗಿಟಾರು, ಆ ನಡುಕ, ಮತ್ತೆ ಮಕ್ಕಳ ದನಿ. ಹಾಡು ಯಾವುದು ಅಂದ್ರೆ ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್. ಅವತ್ತು ಅದನ್ನ ಹಾಕುವಷ್ಟರಲ್ಲಿ ಮೊಬೈಲ್ ಚಾರ್ಜು ಎರಡು ಪರ್ಸೆಂಟಿತ್ತು, ಅರ್ಧಕ್ಕೇ ಆಫ್ ಆಯ್ತು. ಉಳಿದರ್ಧ ಮನೇಲಿ ಕೇಳ್ಕೊಳ್ಳಿ.